ರಾತ್ರಿ ಆಕಾಶಕ್ಕೆ ಶಾಖ ಬಿಟ್ಟು ಕರೆಂಟು ಪಡೆಯುವುದು: ನಿಜಕ್ಕೂ ಎಷ್ಟು ಸಿಗುತ್ತದೆ, ಯಾವುದಕ್ಕೆ ಸಾಲುತ್ತದೆ?

ತಾರೆಎಣಿಕೆ

‘ರಾತ್ರಿಯೂ ಕರೆಂಟು ಕೊಡುವ ಸೋಲಾರ್ ಪ್ಯಾನೆಲ್’ ಅನ್ನುವ ಸುದ್ದಿ ಮತ್ತೆ ಹರಿದಾಡುತ್ತಿದೆ. ಈ ವಾರ ಮೂರು ಜನ ನನಗೆ ಕಳಿಸಿದ್ದಾರೆ. ಸುದ್ದಿಯ ಹಿಂದೆ ಏನಿದೆ ಅಂತ ಹುಡುಕಿಕೊಂಡು ಹೋದೆ.

2019ರಲ್ಲಿ ಆಸ್ವತ್ ರಾಮನ್, ವೇ ಲಿ, ಶಾನ್‌ಹುಯಿ ಫಾನ್ ಈ ಮೂವರು ‘ಜೂಲ್’ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಪ್ಪು ಬಣ್ಣ ಬಳಿದ 20 ಸೆಂ.ಮೀ. ಅಗಲದ ಅಲ್ಯೂಮಿನಿಯಂ ತಟ್ಟೆ, ಅದರ ಅಡಿಗೆ ಅಂಗಡಿಯಲ್ಲೇ ಸಿಗುವ ಥರ್ಮೋಎಲೆಕ್ಟ್ರಿಕ್ ಮಾಡ್ಯೂಲ್ (ಒಂದು ಮುಖ ಬಿಸಿ, ಇನ್ನೊಂದು ತಣ್ಣಗಿದ್ದರೆ ಕರೆಂಟು ಕೊಡುವ ಬಿಲ್ಲೆ), ಸುತ್ತ ಥರ್ಮೋಕೋಲ್ ಪೆಟ್ಟಿಗೆ. ಇಷ್ಟನ್ನು ಸ್ಟ್ಯಾನ್‌ಫರ್ಡ್‌ನ ಒಂದು ಕಟ್ಟಡದ ಮೇಲೆ ರಾತ್ರಿ ಇಟ್ಟಾಗ ಚದರ ಮೀಟರಿಗೆ 25 ಮಿಲಿವ್ಯಾಟ್ ಲೆಕ್ಕದಲ್ಲಿ ಕರೆಂಟು ಬಂತು, ಒಂದು ಎಲ್‌ಇಡಿ ಬೆಳಗಿತು. 2022ರಲ್ಲಿ ಫಾನ್ ಅವರ ತಂಡವೇ ತಟ್ಟೆಯ ಜಾಗದಲ್ಲಿ ಸೌರಕೋಶ ಇಟ್ಟು ಚದರ ಮೀಟರಿಗೆ 50 ಮಿಲಿವ್ಯಾಟ್ ಪಡೆಯಿತು. ಸುದ್ದಿಯ ಮೂಲ ಈ ಎರಡನೆಯದು.

ಅಲ್ಲಿಯವರೆಗೆ ಸರಿ. ನನಗೆ ಹಿಡಿತಕ್ಕೆ ಸಿಗದ್ದು ಒಂದೇ. ಸೂರ್ಯ ಇಲ್ಲ, ಗಾಳಿಯಿಂದ ತಿರುಗುವ ಯಾವುದೂ ಇಲ್ಲ, ಸುಮ್ಮನೆ ಒಂದು ತಟ್ಟೆ ಆಕಾಶ ನೋಡಿಕೊಂಡು ಕೂತಿದೆ. ಶಕ್ತಿ ಬರುವುದಾದರೂ ಎಲ್ಲಿಂದ?

ಸೌರಮಿತ್ರ

ಎಲ್ಲಿಂದ ಬರುತ್ತದೆ ಅನ್ನುವುದಕ್ಕಿಂತ ಮೊದಲು ಎಷ್ಟು ಬರುತ್ತದೆ ನೋಡೋಣ. ನಾನು ಹದಿನಾಲ್ಕು ವರ್ಷದಿಂದ ಸೋಲಾರ್ ಅಳವಡಿಸುವ ಕೆಲಸದಲ್ಲಿದ್ದೇನೆ. ಗಿರಾಕಿಗಳು ಇಂಥ ಸುದ್ದಿ ಹಿಡಿದುಕೊಂಡು ಬಂದಾಗ ಅವರಿಗೆ ಹೇಳುವ ಲೆಕ್ಕ ಇದು.

50 ಮಿಲಿವ್ಯಾಟ್ ಹನ್ನೆರಡು ಗಂಟೆ ಬಂದರೆ 0.6 ವ್ಯಾಟ್‌ಅವರ್. ಅದೂ ಒಂದು ಇಡೀ ಚದರ ಮೀಟರಿನಿಂದ. ಅಷ್ಟೇ ಜಾಗದ ಸಾಧಾರಣ ಪ್ಯಾನೆಲ್ ನಡುಹಗಲಲ್ಲಿ 200 ವ್ಯಾಟ್ ಕೊಡುತ್ತದೆ. ಅಂದರೆ ರಾತ್ರಿ ಪೂರ್ತಿ ಕೂಡಿಟ್ಟದ್ದನ್ನು ಹಗಲಿನ ಪ್ಯಾನೆಲ್ 11 ಸೆಕೆಂಡಿನಲ್ಲಿ ಕೊಟ್ಟು ಮುಗಿಸುತ್ತದೆ. ಅದನ್ನು ತುಂಬಿಡಲು ಒಂದು ಪೆನ್‌ಸೆಲ್ ಗಾತ್ರದ ರೀಚಾರ್ಜ್ ಬ್ಯಾಟರಿ ಸಾಕು, ಅದರಲ್ಲೂ ಮುಕ್ಕಾಲು ಭಾಗ ಖಾಲಿ ಉಳಿಯುತ್ತದೆ.

ಸಂಶೋಧನೆಯನ್ನು ನಾನು ಹೀಗಳೆಯುತ್ತಿಲ್ಲ. ಆದರೆ ‘ಸೋಲಾರ್ ಪ್ಯಾನೆಲ್ ಇನ್ನು ರಾತ್ರಿಯೂ ಕೆಲಸ ಮಾಡುತ್ತದೆ’ ಎಂದು ಬರೆದರೆ ಜನ ಬ್ಯಾಟರಿ ಬೇಡ ಅಂದುಕೊಳ್ಳುತ್ತಾರೆ. ಅಂಥವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಶಾಖಚಲನೆ

ಸೌರಮಿತ್ರ ಅವರ ಲೆಕ್ಕ ಸರಿ, ಅದರಲ್ಲಿ ತಕರಾರಿಲ್ಲ. ತಾರೆಎಣಿಕೆ ಅವರ ಪ್ರಶ್ನೆಗೆ ಬರುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಬೆಚ್ಚಗಿರುವ ಪ್ರತಿಯೊಂದು ವಸ್ತುವೂ ಶಾಖವನ್ನು ಅವಗೆಂಪು (ಇನ್‌ಫ್ರಾರೆಡ್) ಕಿರಣವಾಗಿ ಹೊರಗೆ ಬಿಡುತ್ತಲೇ ಇರುತ್ತದೆ. ನಮ್ಮ ಮೈ, ಗೋಡೆ, ಮಣ್ಣು ಎಲ್ಲವೂ. 27 ಡಿಗ್ರಿಯಲ್ಲಿರುವ (300 ಕೆಲ್ವಿನ್) ಕಪ್ಪು ತಟ್ಟೆ ಚದರ ಮೀಟರಿಗೆ ಸುಮಾರು 459 ವ್ಯಾಟ್ ಹೊರಚೆಲ್ಲುತ್ತದೆ. ಕೋಣೆಯೊಳಗೆ ಇದು ನಮಗೆ ಗೊತ್ತೇ ಆಗುವುದಿಲ್ಲ, ಯಾಕೆಂದರೆ ಗೋಡೆಗಳೂ ಅಷ್ಟನ್ನೇ ವಾಪಸ್ ಕೊಡುತ್ತವೆ. ಕೊಟ್ಟದ್ದು ತಗೊಂಡದ್ದು ಸಮ.

ಬಯಲಲ್ಲಿ, ಮೋಡವಿಲ್ಲದ ರಾತ್ರಿಯಲ್ಲಿ ಈ ಲೆಕ್ಕ ಏರುಪೇರಾಗುತ್ತದೆ. ಗಾಳಿಯಲ್ಲಿರುವ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಅವಗೆಂಪಿನ ಬಹುಭಾಗವನ್ನು ಹೀರಿ ಕೆಳಕ್ಕೇ ಹಿಂತಿರುಗಿಸುತ್ತವೆ. ಆದರೆ 8ರಿಂದ 13 ಮೈಕ್ರೋಮೀಟರ್ ತರಂಗಾಂತರದ ನಡುವೆ ಒಂದು ಕಿಟಕಿ ತೆರೆದಿದೆ. ಅಲ್ಲಿ ಗಾಳಿ ಹೆಚ್ಚುಕಡಿಮೆ ಪಾರದರ್ಶಕ. ನಮ್ಮ ಸುತ್ತಲಿನ ಉಷ್ಣತೆಯ ವಸ್ತುಗಳು ಅತಿ ಹೆಚ್ಚು ಹೊಮ್ಮಿಸುವ ಕಿರಣವೂ 10 ಮೈಕ್ರೋಮೀಟರಿನ ಹತ್ತಿರವೇ ಇದೆ. ಕಿಟಕಿಯ ಆಚೆಗೆ ಇರುವುದು 2.7 ಕೆಲ್ವಿನ್‌ನ ಬಾಹ್ಯಾಕಾಶ. ಅಲ್ಲಿಗೆ ಹೋದ ಶಾಖ ತಿರುಗಿ ಬರುವುದಿಲ್ಲ. ಹೀಗಾಗಿ ಒಣಹವೆಯ ಶುಭ್ರ ರಾತ್ರಿಯಲ್ಲಿ ತಟ್ಟೆ ತಾನು ಪಡೆಯುವುದಕ್ಕಿಂತ 60ರಿಂದ 100 ವ್ಯಾಟ್‌ನಷ್ಟು ಹೆಚ್ಚು ಕಳೆದುಕೊಳ್ಳುತ್ತದೆ, ಸುತ್ತಲ ಗಾಳಿಗಿಂತ ತಣ್ಣಗಾಗುತ್ತದೆ.

ಗಾಳಿ ಬೆಚ್ಚಗೆ, ತಟ್ಟೆ ತಣ್ಣಗೆ. ಎರಡು ಉಷ್ಣತೆ ಸಿಕ್ಕಿತು ಅಂದರೆ ಶಾಖಯಂತ್ರ ಓಡಿಸಬಹುದು. ಉಗಿಯಂತ್ರದಲ್ಲಿ ಬೆಂಕಿ ಹಾಕಿ ಬಿಸಿ ತುದಿಯನ್ನು ಮಾಡಿಕೊಳ್ಳುತ್ತೇವೆ. ಇಲ್ಲಿ ಬಿಸಿ ತುದಿ ಸುಮ್ಮನೆ ಇದೆ, ಅದು ನಮ್ಮ ಸುತ್ತಲಿನ ಗಾಳಿ ಮತ್ತು ನೆಲ. ಮಾಡಿಕೊಳ್ಳಬೇಕಾದದ್ದು ತಣ್ಣನೆ ತುದಿ, ಅದನ್ನು ಆಕಾಶ ಮಾಡಿಕೊಡುತ್ತದೆ. ಶಕ್ತಿ ಬರುವುದು ಹಗಲು ನೆಲ ಮತ್ತು ಗಾಳಿ ಕುಡಿದಿಟ್ಟುಕೊಂಡ ಶಾಖದಿಂದ.

ಪ್ರಶ್ನೆಪುಟ

ಸರ್, ಬಾಹ್ಯಾಕಾಶ ನಿರ್ವಾತ ಅಲ್ಲವೇ? ಫ್ಲಾಸ್ಕ್‌ನಲ್ಲಿ ನಿರ್ವಾತ ಇರುವುದರಿಂದಲೇ ಶಾಖ ಹೊರಗೆ ಹೋಗುವುದಿಲ್ಲ ಅಂತ ಓದಿದ್ದೆ. ಹಾಗಾದರೆ ಇಲ್ಲಿ ಹೇಗೆ ಹೋಗುತ್ತದೆ?

ಶಾಖಚಲನೆ

ಒಳ್ಳೆಯ ಪ್ರಶ್ನೆ. ನಿರ್ವಾತ ತಡೆಯುವುದು ವಹನ ಮತ್ತು ಸಂವಹನವನ್ನು, ವಿಕಿರಣವನ್ನಲ್ಲ. ವಿಕಿರಣ ತಡೆಯಲೆಂದೇ ಫ್ಲಾಸ್ಕ್‌ನ ಗಾಜಿಗೆ ಬೆಳ್ಳಿಯಂತೆ ಹೊಳೆಯುವ ಲೇಪ ಕೊಟ್ಟಿರುತ್ತಾರೆ. ಆ ಲೇಪ ಇಲ್ಲದಿದ್ದರೆ ಫ್ಲಾಸ್ಕ್‌ನಲ್ಲಿಟ್ಟದ್ದು ಬೇಗ ಆರುತ್ತದೆ. ಸೂರ್ಯನ ಶಾಖ ನಮ್ಮ ತನಕ ಬರುವುದೂ ಅದೇ ನಿರ್ವಾತ ದಾಟಿಕೊಂಡು.

ಹನಿಮಂಜು

ಇದರ ಪುರಾವೆ ನೋಡಲು ಯಾವ ಉಪಕರಣವೂ ಬೇಡ, ಬೆಳಿಗ್ಗೆ ಬೇಗ ಎದ್ದು ಹುಲ್ಲು ನೋಡಿದರೆ ಸಾಕು. ಮೋಡ ಕವಿದ ರಾತ್ರಿ ಇಬ್ಬನಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ನಕ್ಷತ್ರ ತುಂಬಿದ ರಾತ್ರಿ ಧಾರಾಳ. ಬಯಲಿನ ಹುಲ್ಲು ತೊಯ್ದಿರುತ್ತದೆ, ಮರದಡಿಯ ಹುಲ್ಲು ಒಣಗಿರುತ್ತದೆ. ಮರದಡಿಯ ಹುಲ್ಲಿಗೆ ಆಕಾಶ ಕಾಣುವುದಿಲ್ಲ, ಎಲೆಗಳು ಕಾಣುತ್ತವೆ. ಎಲೆಗಳು ಗಾಳಿಯಷ್ಟೇ ಬೆಚ್ಚಗಿರುತ್ತವೆ.

ಇಬ್ಬನಿ ಮೇಲಿಂದ ಮಳೆಯಂತೆ ಬೀಳುತ್ತದೆ ಅನ್ನುವ ನಂಬಿಕೆ ಬಹಳ ಕಾಲ ಇತ್ತು. ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯರು ರಾತ್ರಿಗಟ್ಟಲೆ ಉಣ್ಣೆಯ ಉಂಡೆಗಳನ್ನು ಬಯಲಲ್ಲಿಟ್ಟು, ತೂಗಿ, ಥರ್ಮಾಮೀಟರ್ ಓದಿ 1814ರಲ್ಲಿ ಬರೆದರು: ವಸ್ತು ಮೊದಲು ತಣ್ಣಗಾಗುತ್ತದೆ, ಇಬ್ಬನಿ ಆಮೇಲೆ ಕೂರುತ್ತದೆ. ಆ ಕ್ರಮ ಗೊತ್ತಾದ ಮೇಲೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಗಾಳಿಯ ಉಷ್ಣತೆ ಸೊನ್ನೆಗಿಂತ ಮೇಲಿದ್ದರೂ ಅಗಲ ಬಾಯಿಯ ತೆಳು ಪಾತ್ರೆಯಲ್ಲಿ ನೀರು ಹೆಪ್ಪುಗಟ್ಟುವುದೂ ಇದರಿಂದಲೇ. ಹಿಂದೆ ಹೀಗೆಯೇ ಮಂಜುಗಡ್ಡೆ ಮಾಡಿಕೊಳ್ಳುತ್ತಿದ್ದರು.

ನಿಮ್ಮಲ್ಲಿ ಯಾರ ಬಳಿಯಾದರೂ ದೂರದಿಂದ ಗುರಿಯಿಟ್ಟು ಓದುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ರಾತ್ರಿ ನೆತ್ತಿಯ ಮೇಲಿನ ಆಕಾಶಕ್ಕೆ ಹಿಡಿಯಿರಿ. ಸೊನ್ನೆಗಿಂತ ಬಹಳ ಕೆಳಗಿನ ಅಂಕಿ ತೋರಿಸುತ್ತದೆ, ಕೆಲವು ಉಪಕರಣಗಳು ಓದಲಾರೆ ಎಂದು ಕೈಚೆಲ್ಲುತ್ತವೆ. ಮೋಡದ ತುಂಡಿನ ಕಡೆ ತಿರುಗಿಸಿದರೆ ಅಂಕಿ ಒಮ್ಮೆಲೇ ಮೇಲೇರುತ್ತದೆ. ದಿಗಂತದ ಕಡೆ ಇಳಿಸುತ್ತಾ ಬಂದರೂ ಏರುತ್ತದೆ, ಏಕೆಂದರೆ ಓರೆಯಾಗಿ ನೋಡಿದಷ್ಟೂ ದಾಟಬೇಕಾದ ಗಾಳಿ ದಪ್ಪವಾಗುತ್ತದೆ. ನೆತ್ತಿ ಅತ್ಯಂತ ತಂಪು. ಈ ಮಾತು ಮುಂದೆ ಬೇಕಾಗುತ್ತದೆ.

ತಾರೆಎಣಿಕೆ

ವೆಲ್ಸ್ ಅವರ ಉಣ್ಣೆ ಉಂಡೆ ಓದಿ ರೋಮಾಂಚನವಾಯಿತು. ಅಷ್ಟು ಸಣ್ಣ ಸಾಮಗ್ರಿ, ಅಷ್ಟು ದೊಡ್ಡ ಉತ್ತರ.

ಈಗ ಕೇಳುತ್ತೇನೆ. ತಟ್ಟೆ 60ರಿಂದ 100 ವ್ಯಾಟ್ ಹೊರಗೆ ಕಳಿಸುತ್ತಿದೆ, ಕೈಗೆ ಸಿಗುವುದು ಮಿಲಿವ್ಯಾಟುಗಳಲ್ಲಿ. ಉಳಿದದ್ದು ಎಲ್ಲಿ ಹೋಯಿತು?

ಶಾಖಚಲನೆ

ಈ ಪ್ರಶ್ನೆಯೇ ಇಡೀ ವಿಷಯದ ತಿರುಳು. ಸಂಖ್ಯೆ ಹಾಕಿಯೇ ನೋಡೋಣ.

ಮಾಡ್ಯೂಲಿನ ಎರಡು ಮುಖಗಳ ನಡುವೆ 2 ಡಿಗ್ರಿ ವ್ಯತ್ಯಾಸ ಸಿಕ್ಕಿತು ಅನ್ನಿ. 300 ಕೆಲ್ವಿನ್‌ನಲ್ಲಿ 2 ಡಿಗ್ರಿಗೆ ಕಾರ್ನೋ ಮಿತಿ (ಶಾಖದ ಎಷ್ಟು ಪಾಲನ್ನು ಕೆಲಸವಾಗಿಸಬಹುದು ಎಂಬುದರ ಗೆರೆ) 2/300, ಅಂದರೆ ಶೇ. 0.67. ಪ್ರಪಂಚದ ಯಾವ ಯಂತ್ರವೂ ಇದನ್ನು ಮೀರಲಾರದು. ಈಗ ಸಿಗುವ ಬಿಸ್ಮತ್ ಟೆಲ್ಯುರೈಡ್ ಮಾಡ್ಯೂಲ್ ಈ ಮಿತಿಯ ಆರನೇ ಒಂದು ಭಾಗದಷ್ಟನ್ನು ಮಾತ್ರ ಮುಟ್ಟುತ್ತದೆ. ಒಟ್ಟಿನಲ್ಲಿ ದಕ್ಷತೆ ಶೇ. 0.11. ಮಾಡ್ಯೂಲಿನ ಮೂಲಕ ಚದರ ಮೀಟರಿಗೆ 30 ವ್ಯಾಟ್ ಶಾಖ ಹರಿದರೆ ಕರೆಂಟು 33 ಮಿಲಿವ್ಯಾಟ್. ಪ್ರಯೋಗದಲ್ಲಿ ಬಂದ 25ರ ಆಸುಪಾಸಿಗೇ ನಾವು ಬಂದು ನಿಂತೆವು ನೋಡಿ. ಉಳಿದ ಶಾಖ ಎಲ್ಲೂ ಕಳೆದುಹೋಗಿಲ್ಲ, ಮಾಡ್ಯೂಲ್ ದಾಟಿ ತಟ್ಟೆಗೆ ಬಂದು ಆಕಾಶ ಸೇರಿದೆ.

ಹಾಗಾದರೆ ವ್ಯತ್ಯಾಸವನ್ನು 10 ಡಿಗ್ರಿ ಮಾಡಿದರೆ ಆಯಿತಲ್ಲ ಅನ್ನಿಸುತ್ತದೆ. ಅಲ್ಲೇ ತೊಡಕು. ತಟ್ಟೆ ತಣ್ಣಗಾದಷ್ಟೂ ಅದು ಚೆಲ್ಲುವ ಶಾಖ ಕಡಿಮೆಯಾಗುತ್ತದೆ, ಸುತ್ತಲಿನಿಂದ ನುಗ್ಗುವ ಶಾಖ ಹೆಚ್ಚಾಗುತ್ತದೆ. ಕೆರೆಯ ತೂಬಿನ ಹಾಗೆ. ತೂಬು ಪೂರ್ತಿ ಮುಚ್ಚಿದರೆ ನೀರಿನ ಎತ್ತರ ಇದೆ, ಹರಿವು ಇಲ್ಲ. ಪೂರ್ತಿ ತೆರೆದರೆ ಹರಿವು ಇದೆ, ಎತ್ತರ ಉಳಿಯುವುದಿಲ್ಲ. ಗರಿಷ್ಠ ಶಕ್ತಿ ಎರಡರ ನಡುವೆ ಎಲ್ಲೋ ಇದೆ, ಸಾಮಾನ್ಯವಾಗಿ ಸಿಗಬಹುದಾದ ಪೂರ್ಣ ವ್ಯತ್ಯಾಸದ ಅರ್ಧದ ಬಳಿ. ತಟ್ಟೆಯ ಅಳತೆ ಮತ್ತು ಮಾಡ್ಯೂಲಿನ ಅಳತೆ ಹೊಂದಿಸುವ ಕಲೆಯೆಲ್ಲ ಆ ಬಿಂದುವನ್ನು ಹುಡುಕುವುದರಲ್ಲಿದೆ. 2020ರಲ್ಲಿ ಫಾನ್ ಅವರ ಗುಂಪು ಎಲ್ಲವನ್ನೂ ಅತ್ಯುತ್ತಮವಾಗಿ ಹೊಂದಿಸಿದರೆ ಚದರ ಮೀಟರಿಗೆ 2.2 ವ್ಯಾಟ್ ತನಕ ಹೋಗಬಹುದೆಂದು ಲೆಕ್ಕಹಾಕಿತು. ಅದು ಕಾಗದದ ಮೇಲಿನ ಸಂಖ್ಯೆ, ನಿಜ. ಆದರೆ 25 ಮಿಲಿವ್ಯಾಟ್ ಎಂಬುದು ಪ್ರಕೃತಿ ಹಾಕಿದ ಗೆರೆ ಅಲ್ಲ ಎಂದು ಅದು ತೋರಿಸುತ್ತದೆ.

ಕೊನೆಯ ಗೆರೆ ಎಲ್ಲಿದೆ ಎಂದು ನಾನೂ ಒಮ್ಮೆ ಹಾಕಿ ನೋಡಿದ್ದೆ. ವಾತಾವರಣವೇ ಇಲ್ಲ, 300 ಕೆಲ್ವಿನ್‌ನ ನೆಲ, ಮೇಲೆ ಬರೀ ಬಾಹ್ಯಾಕಾಶ, ನಡುವೆ ಯಾವ ನಷ್ಟವೂ ಇಲ್ಲದ ಕಾರ್ನೋ ಯಂತ್ರ ಎಂದುಕೊಂಡರೆ ತಟ್ಟೆ 225 ಕೆಲ್ವಿನ್‌ನಲ್ಲಿರುವಾಗ ಗರಿಷ್ಠ ಸಿಗುತ್ತದೆ. ಚದರ ಮೀಟರಿಗೆ ಸುಮಾರು 48 ವ್ಯಾಟ್. ಗಾಳಿಯ ಹೊದಿಕೆ ಇರುವ ಈ ಭೂಮಿಯ ಮೇಲೆ ಅದರ ಸಣ್ಣ ಪಾಲಷ್ಟೇ ನಮ್ಮದು.

ಅರೆವಾಹಕಿ

ಒಂದು ತಿದ್ದುಪಡಿ ಹೇಳಲೇಬೇಕು, ಯಾಕೆಂದರೆ ಸುದ್ದಿಗಳಲ್ಲಿ ಇದು ಪ್ರತಿ ಸಲ ತಪ್ಪಾಗುತ್ತದೆ. 2022ರ ಪ್ರಯೋಗದಲ್ಲಿ ರಾತ್ರಿ ಕರೆಂಟು ಮಾಡಿದ್ದು ಸೌರಕೋಶ ಅಲ್ಲ. ಸೌರಕೋಶ ಅಲ್ಲಿ ಬರೀ ತಣ್ಣನೆ ತಟ್ಟೆ. ಅದರ ಮೇಲ್ಮೈ ಗಾಜು ಅವಗೆಂಪನ್ನು ಚೆನ್ನಾಗಿ ಹೊಮ್ಮಿಸುತ್ತದೆ, ಹಾಗಾಗಿ ತಣ್ಣಗಾಗುತ್ತದೆ. ಕರೆಂಟು ಬಂದದ್ದು ಅಡಿಯಲ್ಲಿದ್ದ ಥರ್ಮೋಎಲೆಕ್ಟ್ರಿಕ್ ಮಾಡ್ಯೂಲಿನಿಂದ. ಹಗಲು ಪ್ಯಾನೆಲ್ ಕಾದಾಗ ಶಾಖ ತಿರುಗುಮುರುಗಾಗಿ ಹರಿದು ಅದೇ ಮಾಡ್ಯೂಲ್ ಆಗಲೂ ಒಂದಿಷ್ಟು ಕೊಡುತ್ತದೆ.

ಕೋಶವೇ ರಾತ್ರಿ ಕರೆಂಟು ಕೊಡುವ ದಾರಿ ಬೇರೆ ಇದೆ, ನನ್ನ ಮನಸ್ಸು ಇರುವುದು ಅಲ್ಲಿ. ಅದನ್ನು ಥರ್ಮೋರೇಡಿಯೇಟಿವ್ ಡಯೋಡ್ ಅನ್ನುತ್ತಾರೆ. ಸೌರಕೋಶ ತನಗಿಂತ ಬಿಸಿಯಾದ ಸೂರ್ಯನಿಂದ ಬೆಳಕು ಪಡೆದು ಕರೆಂಟು ಕೊಡುತ್ತದೆ. ಅದೇ ಬಗೆಯ ಡಯೋಡ್ ತನಗಿಂತ ತಣ್ಣನೆಯ ಆಕಾಶಕ್ಕೆ ಬೆಳಕು ಬಿಟ್ಟುಕೊಟ್ಟರೂ ಕರೆಂಟು ಹರಿಯುತ್ತದೆ, ಧ್ರುವಗಳು ಮಾತ್ರ ಅದಲುಬದಲು. ಆದರೆ ಸಿಲಿಕಾನ್ ಇದಕ್ಕೆ ಆಗುವುದಿಲ್ಲ. ಅದರ ಬ್ಯಾಂಡ್‌ಗ್ಯಾಪ್ (ಎಲೆಕ್ಟ್ರಾನು ಮೇಲಿನ ಹಂತಕ್ಕೆ ಏರಲು ಬೇಕಾದ ಕನಿಷ್ಠ ಶಕ್ತಿ) 1.1 ಎಲೆಕ್ಟ್ರಾನ್‌ವೋಲ್ಟ್, 300 ಕೆಲ್ವಿನ್‌ನ ವಸ್ತು ಅಷ್ಟು ಶಕ್ತಿಯ ಕಿರಣವನ್ನು ಹೊಮ್ಮಿಸುವುದೇ ಇಲ್ಲ ಅನ್ನಬಹುದು. 10 ಮೈಕ್ರೋಮೀಟರಿಗೆ ಬೇಕಾದದ್ದು 0.12ರ ಆಸುಪಾಸು. ಅಷ್ಟು ಕಿರಿದಾದ ಬ್ಯಾಂಡ್‌ಗ್ಯಾಪ್ ಇರುವುದು ಮರ್ಕ್ಯುರಿ ಕ್ಯಾಡ್ಮಿಯಂ ಟೆಲ್ಯುರೈಡ್‌ನಂಥ ವಸ್ತುಗಳಲ್ಲಿ, ರಾತ್ರಿ ನೋಡುವ ಕ್ಯಾಮೆರಾಗಳಲ್ಲಿ ಬಳಸುವಂಥವು.

2019ರಲ್ಲಿ ಸ್ಟ್ಯಾನ್‌ಫರ್ಡ್‌ನವರೇ ಇಂಥ ಡಯೋಡನ್ನು ನೇರ ಆಕಾಶಕ್ಕೆ ತೋರಿಸಿ ಅಳೆದಾಗ ಬಂದದ್ದು ಚದರ ಮೀಟರಿಗೆ 64 ನ್ಯಾನೋವ್ಯಾಟ್. 2022ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ತಂಡ ಪ್ರಯೋಗಾಲಯದಲ್ಲಿ, 12.5 ಡಿಗ್ರಿ ವ್ಯತ್ಯಾಸದಲ್ಲಿ, 2.26 ಮಿಲಿವ್ಯಾಟ್ ತೋರಿಸಿತು. ಕಷ್ಟ ಏನೆಂದರೆ ಕಿರಿದಾದ ಬ್ಯಾಂಡ್‌ಗ್ಯಾಪ್‌ನ ವಸ್ತುಗಳಲ್ಲಿ ಎಲೆಕ್ಟ್ರಾನುಗಳು ಬೆಳಕು ಬಿಡದೆಯೇ, ಒಂದಕ್ಕೊಂದು ಶಕ್ತಿ ದಾಟಿಸಿಕೊಂಡು ಕೆಳಗಿಳಿದುಬಿಡುತ್ತವೆ. ಆ ಸೋರಿಕೆ ನಿಲ್ಲಿಸುವ ತನಕ ಥರ್ಮೋಎಲೆಕ್ಟ್ರಿಕ್ ದಾರಿಯೇ ಮುಂದೆ. ಆದರೂ ಬಿಸಿ ಮುಖ ತಣ್ಣನೆ ಮುಖ ಎಂಬ ತಾಪತ್ರಯವೇ ಇಲ್ಲದ, ಒಂದೇ ತೆಳು ಪದರದ ಆ ದಾರಿ ಎಷ್ಟು ಚೆಂದ ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ.

ಬೆಸುಗೆಕಡ್ಡಿ

ನಾನು ಇದನ್ನು ಕಟ್ಟಿದ್ದೇನೆ. ಎರಡು ವಾರದಿಂದ ಪ್ರತಿ ರಾತ್ರಿ ಮಹಡಿ ಮೇಲೆ ಇದೆ. ಏನೇನು ತಪ್ಪಿತು ಎಂಬುದೇ ನಿಮಗೆ ಉಪಯೋಗವಾಗಬಹುದು.

25 ಸೆಂ.ಮೀ. ಚೌಕದ ಎರಡು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಹಾಳೆ, ಹೊಳಪಿಲ್ಲದ ಕಪ್ಪು ಸ್ಪ್ರೇ, ನಡುವೆ ಒಂದು 12706 ಪೆಲ್ಟಿಯರ್ (ಅದೇ ಥರ್ಮೋಎಲೆಕ್ಟ್ರಿಕ್ ಮಾಡ್ಯೂಲ್), ಅದರ ಕೆಳಗೆ ಹಳೆ ಕಂಪ್ಯೂಟರಿನಿಂದ ಬಿಚ್ಚಿದ ಹೀಟ್ ಸಿಂಕ್ (ಗಾಳಿಯೊಡನೆ ಶಾಖ ಕೊಟ್ಟು ತೆಗೆದುಕೊಳ್ಳುವ, ರೆಕ್ಕೆಗಳಿರುವ ಲೋಹದ ತುಂಡು). ಥರ್ಮೋಕೋಲ್ ಪೆಟ್ಟಿಗೆ. ಗಾಳಿ ತಟ್ಟದಿರಲಿ ಎಂದು ಮೇಲೆ ಗಾಜು ಮುಚ್ಚಿದೆ. ಅದೇ ಮೊದಲ ತಪ್ಪು. ರಾತ್ರಿಯೆಲ್ಲ ಮಲ್ಟಿಮೀಟರ್ ಐದಾರು ಮಿಲಿವೋಲ್ಟ್ ದಾಟಲಿಲ್ಲ. ಗಾಜು ನಮ್ಮ ಕಣ್ಣಿಗೆ ಪಾರದರ್ಶಕ, ಅವಗೆಂಪಿಗೆ ಗೋಡೆ. ತಟ್ಟೆ ನೋಡುತ್ತಿದ್ದದ್ದು ಆಕಾಶವನ್ನಲ್ಲ, ಗಾಜನ್ನು. ಆಕ್ರಿಲಿಕ್ ಹಾಳೆಯೂ ಅಷ್ಟೇ.

ಗಾಜು ತೆಗೆದು ತೆಳ್ಳನೆಯ ಪಾಲಿಥೀನ್ ಹಾಳೆ ಬಿಗಿದೆ, ಅದು ಅವಗೆಂಪನ್ನು ಬಿಡುತ್ತದೆ. ಅವತ್ತು 70 ಮಿಲಿವೋಲ್ಟ್ ಬಂತು. ನನ್ನ ಮಾಡ್ಯೂಲ್ ಡಿಗ್ರಿಗೆ ಸುಮಾರು 50 ಮಿಲಿವೋಲ್ಟ್ ಕೊಡುತ್ತದೆ, ಹಾಗಾಗಿ ಮುಖಗಳ ನಡುವೆ ಒಂದೂವರೆ ಡಿಗ್ರಿ ಕೂಡ ಇಲ್ಲ. ಒಳಗಿನ ರೋಧ 2 ಓಮ್ ಇಟ್ಟುಕೊಂಡರೆ ಗರಿಷ್ಠ 0.6 ಮಿಲಿವ್ಯಾಟ್. ತಟ್ಟೆಯ ಅಳತೆಗೆ ಭಾಗಿಸಿದರೆ ಚದರ ಮೀಟರಿಗೆ 10 ಮಿಲಿವ್ಯಾಟ್.

ಎಲ್‌ಇಡಿ ಹತ್ತಿಸುವುದು ಇನ್ನೊಂದು ಹೋರಾಟ. ಬಿಳಿ ಎಲ್‌ಇಡಿಗೆ 3 ವೋಲ್ಟ್ ಬೇಕು, ನನ್ನ ಕೈಯಲ್ಲಿರುವುದು 70 ಮಿಲಿವೋಲ್ಟ್. ಎಲ್ಲರಂತೆ ಮೊದಲು ಜೂಲ್ ಥೀಫ್ ಎಂಬ, ಕಡಿಮೆ ವೋಲ್ಟೇಜನ್ನು ಏರಿಸುವ ಸರಳ ಸರ್ಕ್ಯೂಟ್ ಕಟ್ಟಿದೆ. ಅದರ ಸಿಲಿಕಾನ್ ಟ್ರಾನ್ಸಿಸ್ಟರ್ ಅರ್ಧ ವೋಲ್ಟಿನ ಮೇಲೆ ಸಿಕ್ಕದೆ ಕಣ್ಣೇ ಬಿಡುವುದಿಲ್ಲ. ಕೊನೆಗೆ ಎಲ್‌ಟಿಸಿ3108 ಎಂಬ ಚಿಪ್ ತಂದೆ, ಅದು 20 ಮಿಲಿವೋಲ್ಟಿನಿಂದಲೇ ಶುರುವಾಗುತ್ತದೆ. ಏರಿಸುವಾಗ ಅರ್ಧದಷ್ಟು ಅದರಲ್ಲೇ ಸೋರಿಹೋಗುತ್ತದೆ. ಆದರೂ ಒಂದು ಕೆಪಾಸಿಟರ್ ತುಂಬಿ ಕೆಲವು ಸೆಕೆಂಡಿಗೊಮ್ಮೆ ಎಲ್‌ಇಡಿ ಮಿಂಚತೊಡಗಿತು. ಕತ್ತಲಲ್ಲಿ ಅದರ ಪಕ್ಕ ಬಹಳ ಹೊತ್ತು ಕೂತಿದ್ದೆ.

ಪ್ರಶ್ನೆಪುಟ

ಅಣ್ಣ, ಕಪ್ಪು ಬಣ್ಣವೇ ಬೇಕಾ? ಬಿಳಿ ಬಳಿದರೆ?

ಬೆಸುಗೆಕಡ್ಡಿ

ರಾತ್ರಿಗೆ ಎರಡೂ ಒಂದೇ. ಕಣ್ಣಿಗೆ ಬಿಳಿಯಾಗಿ ಕಾಣುವ ಸಾಮಾನ್ಯ ಪೇಂಟ್ ಅವಗೆಂಪಿನಲ್ಲಿ ಹೆಚ್ಚುಕಡಿಮೆ ಕಪ್ಪೇ. ಬಳಿಯದೆ ಹೊಳೆಯುವ ಅಲ್ಯೂಮಿನಿಯಂ ಹಾಗೇ ಬಿಟ್ಟರೆ ಮಾತ್ರ ಕೆಟ್ಟಿತು, ಅದು ಹೊಮ್ಮಿಸುವುದು ಬಳಿದ ತಟ್ಟೆಯ ಹತ್ತನೇ ಒಂದು ಭಾಗವೂ ಇಲ್ಲ. ಹಗಲೂ ತಣ್ಣಗಿರಬೇಕು ಅಂದರೆ ಬಿಳಿ ಬೇಕು.

ಹನಿಮಂಜು

ಬೆಸುಗೆಕಡ್ಡಿ ಅವರೇ, ಬೆಳಗಿನ ಜಾವ ವೋಲ್ಟೇಜ್ ಕುಸಿಯುತ್ತದೆಯೇ? ಪಾಲಿಥೀನ್ ಮೇಲೆ ಇಬ್ಬನಿ ಕೂತರೆ ಕುಸಿಯಲೇಬೇಕು.

ಬೆಸುಗೆಕಡ್ಡಿ

ಹೌದು! ಮೂರು ಗಂಟೆಯ ಮೇಲೆ 70ರಿಂದ 40ಕ್ಕೆ ಇಳಿಯುತ್ತಿತ್ತು. ಬ್ಯಾಟರಿ ಕೈಕೊಟ್ಟ ಮಲ್ಟಿಮೀಟರ್ ಅಂದುಕೊಂಡಿದ್ದೆ.

ಹನಿಮಂಜು

ನೀರಿನ ತೆಳು ಪದರವೂ ಅವಗೆಂಪಿಗೆ ಗಾಜಿನಂತೆಯೇ ಮುಚ್ಚಿದ ಬಾಗಿಲು. ಹಾಳೆ ತೊಯ್ದ ಮೇಲೆ ನಿಮ್ಮ ತಟ್ಟೆಗೆ ಆಕಾಶ ಕಾಣುವುದು ನಿಂತಿತು. ಜೊತೆಗೆ ಆವಿ ನೀರಾಗುವಾಗ ಗ್ರಾಂಗೆ ಸುಮಾರು 2,500 ಜೂಲ್ ಶಾಖ ಬಿಡುತ್ತದೆ. ಚದರ ಮೀಟರಿಗೆ 100 ಗ್ರಾಂ ಇಬ್ಬನಿ ಎಂಟು ಗಂಟೆಯಲ್ಲಿ ಕೂತರೆ 8-9 ವ್ಯಾಟ್ ಒಳಬಂದಂತೆ. ನೀವು ಅಷ್ಟು ಕಷ್ಟಪಟ್ಟು ಗಳಿಸಿದ ತಂಪಿನಲ್ಲಿ ಅದೊಂದು ದೊಡ್ಡ ಪಾಲು.

ಹಾಗಾಗಿಯೇ ಸೆಕೆ ಮತ್ತು ತೇವದ ಹವೆಯಲ್ಲಿ ಈ ತಂತ್ರ ಸೊರಗುತ್ತದೆ. ನೀರಾವಿ ಹೆಚ್ಚಿದಷ್ಟೂ ಆ 8-13ರ ಕಿಟಕಿಯೂ ಮಸುಕಾಗುತ್ತದೆ. ಒಣ ಮರುಭೂಮಿ, ಎತ್ತರದ ಪ್ರಸ್ಥಭೂಮಿ ಇದರ ನಿಜವಾದ ಜಾಗ.

ಶಾಖಚಲನೆ

ಬೆಸುಗೆಕಡ್ಡಿ, ನಿಮ್ಮ ಹೀಟ್ ಸಿಂಕ್ ಮೇಲೆ ನನಗೆ ಅನುಮಾನ. ಎಲ್ಲರೂ ತಣ್ಣನೆ ತಟ್ಟೆಯ ಬಗ್ಗೆ ತಲೆಕೆಡಿಸಿಕೊಳ್ಳುತ್ತಾರೆ, ಬಿಸಿ ತುದಿಯನ್ನು ಮರೆಯುತ್ತಾರೆ. ಫ್ಯಾನ್ ಇಲ್ಲದ ಸಣ್ಣ ಹೀಟ್ ಸಿಂಕ್‌ಗೆ ಒಂದು ವ್ಯಾಟ್ ಶಾಖ ಗಾಳಿಯಿಂದ ಎಳೆದುಕೊಳ್ಳಲು ಒಂದು ಡಿಗ್ರಿಯಷ್ಟು ವ್ಯತ್ಯಾಸ ಬೇಕಾಗುತ್ತದೆ. ನಿಮ್ಮ ಮಾಡ್ಯೂಲಿನಲ್ಲಿ ಒಂದೆರಡು ವ್ಯಾಟ್ ಹರಿಯುತ್ತಿದೆ, ಅಂದರೆ ಒಂದೆರಡು ಡಿಗ್ರಿ ಅಲ್ಲೇ ಹೋಯಿತು. ಮಾಡ್ಯೂಲಿಗೆ ಉಳಿದದ್ದೇ ಅಷ್ಟು. ಹೀಟ್ ಸಿಂಕನ್ನು ನೀರಿನಲ್ಲಿ ಮುಳುಗಿಸಿ ನೋಡಿ. ಹತ್ತು ಲೀಟರ್ ನೀರಿನಿಂದ ರಾತ್ರಿಯೆಲ್ಲ ಒಂದೂವರೆ ವ್ಯಾಟ್ ತೆಗೆದರೂ ನೀರು ಒಂದೂಕಾಲು ಡಿಗ್ರಿಯಷ್ಟೇ ಆರುತ್ತದೆ.

ಗಾಳಿ ಬೀಸಿದರೆ ಒಳ್ಳೆಯದೋ ಕೆಟ್ಟದ್ದೋ ಅಂತಲೂ ಜನ ಕೇಳುತ್ತಾರೆ. ಬಿಸಿ ತುದಿಗೆ ಬೀಸುವುದು ಒಳ್ಳೆಯದು, ತಣ್ಣನೆ ತಟ್ಟೆಗೆ ಬೀಸುವುದು ಕೆಟ್ಟದ್ದು.

ಸೌರಮಿತ್ರ

ಬೆಸುಗೆಕಡ್ಡಿ ಅವರ ಬರಹ ಓದಿ ಖುಷಿಯಾಯಿತು, ಕೈಯಿಂದ ಮಾಡಿದ ಕೆಲಸಕ್ಕೆ ಬೇರೆ ತೂಕ. ಆದರೂ ನನ್ನ ಪ್ರಶ್ನೆ ಹಾಗೇ ಇದೆ. ಇದನ್ನು ಯಾರು ಯಾವುದಕ್ಕೆ ಬಳಸಬೇಕು? ಹಗಲು 11 ಸೆಕೆಂಡಿನಲ್ಲಿ ಸಿಗುವುದಕ್ಕೆ ರಾತ್ರಿಯೆಲ್ಲ ಕಾಯಬೇಕಾ?

ಅರೆವಾಹಕಿ

ಮನೆಗೆ ಅಂತ ಕೇಳಿದರೆ ನಿಮ್ಮ ಮಾತೇ ಸರಿ. ಆದರೆ ಸಂವೇದಕಗಳ ಲೆಕ್ಕ ಬೇರೆ. ಗಂಟೆಗೊಮ್ಮೆ ಉಷ್ಣತೆ ಅಳೆದು ರೇಡಿಯೋದಲ್ಲಿ ಕಳಿಸಿ ಮತ್ತೆ ನಿದ್ದೆಗೆ ಜಾರುವ ಸಂವೇದಕವನ್ನು ಸರಾಸರಿ 100 ಮೈಕ್ರೋವ್ಯಾಟಿನೊಳಗೆ ಓಡಿಸಬಹುದು. ಚದರ ಮೀಟರಿಗೆ 50 ಮಿಲಿವ್ಯಾಟ್ ಲೆಕ್ಕದಲ್ಲಿ ಅದಕ್ಕೆ ಬೇಕಾದ ತಟ್ಟೆ 20 ಚದರ ಸೆಂ.ಮೀ., ಅಂಗೈಗಿಂತ ಚಿಕ್ಕದು. ರೀಚಾರ್ಜ್ ಬ್ಯಾಟರಿಗಳು ಕೆಲವು ನೂರು ಸುತ್ತು, ಹೆಚ್ಚೆಂದರೆ ಒಂದೆರಡು ಸಾವಿರ ಸುತ್ತಿನಲ್ಲಿ ಬಲ ಕಳೆದುಕೊಳ್ಳುತ್ತವೆ. ಥರ್ಮೋಎಲೆಕ್ಟ್ರಿಕ್‌ನಲ್ಲಿ ಅಲುಗಾಡುವ ಭಾಗ ಇಲ್ಲ. 1977ರಲ್ಲಿ ಹಾರಿಸಿದ ವಾಯೇಜರ್ ನೌಕೆಗಳಿಗೆ ಇಂದಿಗೂ ಕರೆಂಟು ಕೊಡುತ್ತಿರುವುದು ಈ ತತ್ವವೇ, ಅಲ್ಲಿ ಬಿಸಿ ತುದಿ ಪ್ಲುಟೋನಿಯಂ. ವರ್ಷಗಟ್ಟಲೆ ಯಾರೂ ಹೋಗಿ ಬ್ಯಾಟರಿ ಬದಲಿಸಲಾಗದ ಜಾಗ ಅಂದರೆ ಈ ಬಾಳಿಕೆಗೆ ಬೆಲೆ ಇದೆ.

ತಾರೆಎಣಿಕೆ

ಧ್ರುವ ಪ್ರದೇಶ? ತಿಂಗಳುಗಟ್ಟಲೆ ಕತ್ತಲು, ಸೋಲಾರ್ ಇಲ್ಲ, ಚಳಿಗೆ ಬ್ಯಾಟರಿ ಸೊರಗುತ್ತದೆ, ಗಾಳಿ ಒಣ. ಇದಕ್ಕೆಂದೇ ಮಾಡಿದ ಜಾಗದಂತಿದೆ.

ಹನಿಮಂಜು

ಅಷ್ಟು ಸಲೀಸಲ್ಲ. ಹೊರಚೆಲ್ಲುವ ಶಾಖ ಉಷ್ಣತೆಯ ನಾಲ್ಕನೇ ಘಾತಕ್ಕೆ ಅನುಗುಣ. 300 ಕೆಲ್ವಿನ್‌ನಲ್ಲಿ 459 ಇದ್ದದ್ದು 250 ಕೆಲ್ವಿನ್‌ನಲ್ಲಿ 221ಕ್ಕೆ ಇಳಿಯುತ್ತದೆ. ಮೇಲಾಗಿ ಅಲ್ಲಿಯ ಚಳಿಗಾಲದಲ್ಲಿ ನೆಲವೇ ಈ ರೀತಿ ಶಾಖ ಕಳೆದುಕೊಂಡು ತನ್ನ ಮೇಲಿನ ಗಾಳಿಗಿಂತ ತಣ್ಣಗಾಗಿರುತ್ತದೆ. ಬಿಸಿ ತುದಿಯನ್ನು ಎಲ್ಲಿ ಊರುತ್ತೀರಿ ಎಂಬುದೇ ಪ್ರಶ್ನೆ. ಮಂಜುಗಡ್ಡೆಯ ಕೆಳಗಿನ ನೀರಿಗೆ ಒಂದು ತುದಿ ಇಳಿಸಬಹುದಾದರೆ ಮಾತು ಬೇರೆ, ಆದರೆ ಆಗ ಮೇಲಿನ ತುದಿಗೆ ಚಳಿಗಾಳಿಯೇ ಸಾಕು.

ಶಾಖಚಲನೆ

ಇನ್ನೊಂದು ದಾರಿ ಹೇಳಿಬಿಡುತ್ತೇನೆ. ಥರ್ಮೋಎಲೆಕ್ಟ್ರಿಕ್ ಬದಲು ಸ್ಟರ್ಲಿಂಗ್ ಎಂಜಿನ್, ಅಂದರೆ ಒಳಗೆ ಮುಚ್ಚಿಟ್ಟ ಗಾಳಿ ಕಾದು ಹಿಗ್ಗಿ, ಆರಿ ಕುಗ್ಗಿ ತಿರುಗಿಸುವ ಯಂತ್ರ. ಸಣ್ಣ ಉಷ್ಣತಾ ವ್ಯತ್ಯಾಸದಲ್ಲೂ ತಿರುಗುವ, ಅಗಲ ತಟ್ಟೆಗಳ ಮಾದರಿಗಳಿವೆ, ಅಂಗೈ ಬಿಸಿಗೇ ತಿರುಗುತ್ತವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಟ್ರಿಸ್ಟನ್ ಡೆಪ್ಪಿ ಮತ್ತು ಜೆರೆಮಿ ಮಂಡೇ 2025ರಲ್ಲಿ ಅಂಥದೊಂದರ ಕೆಳತಟ್ಟೆಯನ್ನು ನೆಲಕ್ಕೂ ಮೇಲ್ತಟ್ಟೆಯನ್ನು ಆಕಾಶಕ್ಕೂ ಹೊಂದಿಸಿ ಚದರ ಮೀಟರಿಗೆ 400 ಮಿಲಿವ್ಯಾಟಿನಷ್ಟು ಯಾಂತ್ರಿಕ ಶಕ್ತಿ ಪಡೆದರು. ನೇರ ಫ್ಯಾನ್ ತಿರುಗಿಸಿದರು. ಅದನ್ನು ಕರೆಂಟು ಮಾಡಹೊರಟರೆ ಒಂದಷ್ಟು ಕಳೆದುಹೋಗುತ್ತದೆ, ಆದರೆ ಗಿಡ ಬೆಳೆಸುವ ಹಸಿರುಮನೆಯಲ್ಲಿ ಗಾಳಿಯಾಡಿಸಲು ಬೇಕಾದದ್ದು ಫ್ಯಾನೇ ತಾನೆ?

ಸೌರಮಿತ್ರ

ಆ ಮಾತಿನಿಂದಲೇ ನನಗೊಂದು ಹೊಳೆಯಿತು. ತಟ್ಟೆ ಆಕಾಶಕ್ಕೆ ಕಳಿಸುತ್ತಿರುವುದು ಕಡಿಮೆ ಅಂದರೂ 60 ವ್ಯಾಟ್ ಅಂದಿರಿ. ಅದರಿಂದ 0.05 ವ್ಯಾಟ್ ಕರೆಂಟು ಹಿಂಡುವ ಬದಲು ಆ ತಂಪನ್ನೇ ಬಳಸಿದರೆ? ರಾತ್ರಿ ಮಾಡಿನ ಮೇಲೆ ನೀರು ಹರಿಸಿ ತಣ್ಣಗೆ ಮಾಡಿಟ್ಟುಕೊಂಡು ಹಗಲು ಎಸಿಗೆ ಕೊಟ್ಟರೆ? ಎಸಿ ಒಂದು ವ್ಯಾಟ್ ಕರೆಂಟಿಗೆ ಮೂರು ವ್ಯಾಟ್ ಶಾಖ ತೆಗೆಯುತ್ತದೆ ಎಂದಿಟ್ಟುಕೊಳ್ಳಿ. 60 ವ್ಯಾಟ್ ತಂಪು ಅಂದರೆ 20 ವ್ಯಾಟ್ ಕರೆಂಟು ಉಳಿತಾಯ. 50 ಮಿಲಿವ್ಯಾಟಿನ 400 ಪಟ್ಟು!

ಶಾಖಚಲನೆ

ನಿಮ್ಮ ಲೆಕ್ಕಕ್ಕೆ ನಾನು ಪೂರ್ತಿ ಒಪ್ಪುತ್ತೇನೆ. ರಾಮನ್ ಮತ್ತು ಫಾನ್ ಶುರುಮಾಡಿದ್ದೂ ಅಲ್ಲಿಂದಲೇ. 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬೆಳ್ಳಿಯ ಮೇಲೆ ಹಾಫ್ನಿಯಂ ಆಕ್ಸೈಡ್ ಮತ್ತು ಸಿಲಿಕಾದ ಏಳು ಪದರ ಕೂರಿಸಿದ ಹಾಳೆಯನ್ನು ತೋರಿಸಿದರು. ಅದು ಬಿಸಿಲಿನ ಶೇ. 97ನ್ನು ಹಿಂದಕ್ಕೆ ಎಸೆಯುತ್ತಿತ್ತು, ಕಿಟಕಿಯ ಮೂಲಕ ಶಾಖ ಹೊರಗೆ ಬಿಡುತ್ತಿತ್ತು, ನೇರ ಬಿಸಿಲಿನಲ್ಲೇ ಗಾಳಿಗಿಂತ 4.9 ಡಿಗ್ರಿ ತಣ್ಣಗಿತ್ತು. ತಂಪು ಬೇಕಾದ ಕಡೆ ತಂಪನ್ನೇ ತೆಗೆದುಕೊಳ್ಳಬೇಕು. ಕರೆಂಟಾಗಿ ತೆಗೆದುಕೊಳ್ಳುವುದು ಕರೆಂಟೇ ಬೇಕಾದ, ಬೇರೆ ದಾರಿ ಇಲ್ಲದ ಕಡೆ.

ಬೆಸುಗೆಕಡ್ಡಿ

ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ. ಶಾಖಚಲನೆ ಸರ್, ಹೀಟ್ ಸಿಂಕನ್ನು ಬಕೆಟ್ ನೀರಿನಲ್ಲಿ ಮುಳುಗಿಸಿದೆ. 70 ಇದ್ದದ್ದು 110 ಮಿಲಿವೋಲ್ಟ್ ಆಯಿತು. ವೋಲ್ಟೇಜಿನ ವರ್ಗಕ್ಕೆ ಶಕ್ತಿ ಏರುವುದರಿಂದ ಎರಡೂವರೆ ಪಟ್ಟು: ಒಂದೂವರೆ ಮಿಲಿವ್ಯಾಟ್, ಚದರ ಮೀಟರಿಗೆ 24. ಎಲ್‌ಇಡಿ ಈಗ ಮಿಂಚುವುದಿಲ್ಲ, ಮಂದವಾಗಿ ಸತತ ಉರಿಯುತ್ತದೆ.

ಹನಿಮಂಜು ಅವರು ನೆತ್ತಿಯೇ ತಂಪು ಅಂದದ್ದು ಮನಸ್ಸಿನಲ್ಲಿತ್ತು. ಹೊಳೆಯುವ ಅಲ್ಯೂಮಿನಿಯಂ ಹಾಳೆಯನ್ನು ಆಲಿಕೆಯಂತೆ ಬಾಗಿಸಿ ತಟ್ಟೆಯ ಸುತ್ತ ನಿಲ್ಲಿಸಿದೆ, ದಿಗಂತ ಮತ್ತು ಪಕ್ಕದ ಗೋಡೆ ಮರೆಯಾಗಲಿ ಎಂದು. ಅದಕ್ಕೆ ಇನ್ನೊಂದು 8 ಮಿಲಿವೋಲ್ಟ್ ಸಿಕ್ಕಿತು. ಇಬ್ಬನಿಗೆ ಇನ್ನೂ ಮದ್ದು ಸಿಕ್ಕಿಲ್ಲ. ಪಾಲಿಥೀನನ್ನು ಓರೆಯಾಗಿ ಬಿಗಿದು ನೋಡುತ್ತೇನೆ, ಹನಿಯಾದರೂ ಜಾರಿ ಹೋಗಲಿ.

ನಿನ್ನೆ ಒಂದು ಗಂಟೆಗೆ ಒಂದೇ ಒಂದು ಮೋಡ ನೆತ್ತಿಯ ಮೇಲೆ ಬಂತು. ನಾನು ತಲೆಯೆತ್ತಿ ನೋಡಿರಲಿಲ್ಲ. ಎಲ್‌ಇಡಿ ಮಂಕಾಗುತ್ತಾ ಹೋದದ್ದು ಕಂಡು ಮೇಲೆ ನೋಡಿದೆ. ಅದು ದಾಟಿದ ಹತ್ತು ನಿಮಿಷಕ್ಕೆ ಬೆಳಕು ಮೊದಲಿನಂತಾಯಿತು.

ಪ್ರಶ್ನೆಪುಟ

ಅಣ್ಣ, ಪೆಟ್ಟಿಗೆಯ ಆಳ ಎಷ್ಟು ಇಟ್ಟಿದ್ದೀರಿ? ತಟ್ಟೆಗೂ ಪಾಲಿಥೀನ್‌ಗೂ ನಡುವೆ ಜಾಗ ಎಷ್ಟು? ನನ್ನ ಹತ್ತಿರ ಒಂದು ಪೆಲ್ಟಿಯರ್ ಇದೆ, ರಜೆಯಲ್ಲಿ ಕಟ್ಟುತ್ತೇನೆ.

ಬೆಸುಗೆಕಡ್ಡಿ

ನಡುವೆ ಎರಡು ಸೆಂ.ಮೀ. ಇಟ್ಟಿದ್ದೇನೆ. ಹಾಳೆ ತಟ್ಟೆಗೆ ತಾಗಬಾರದು, ಅಷ್ಟು ನೋಡಿಕೊ. ಥರ್ಮೋಕೋಲ್ ಪಕ್ಕಕ್ಕೂ ಅಡಿಗೂ ಐದು ಸೆಂ.ಮೀ. ದಪ್ಪ. ಪೆಲ್ಟಿಯರಿನ ಎರಡೂ ಮುಖಕ್ಕೆ ಥರ್ಮಲ್ ಪೇಸ್ಟ್ ತೆಳುವಾಗಿ ಹಚ್ಚು, ಸ್ಕ್ರೂ ಬಿಗಿಯುವಾಗ ಪ್ಲಾಸ್ಟಿಕ್ ವಾಷರ್ ಹಾಕು. ಲೋಹದ ಸ್ಕ್ರೂ ಎರಡು ಮುಖವನ್ನೂ ಮುಟ್ಟಿದರೆ ಶಾಖ ಅದರ ಮೂಲಕವೇ ನುಸುಳಿಹೋಗುತ್ತದೆ. ಎಲ್‌ಇಡಿಗೆ ಆತುರ ಬೇಡ, ಮೊದಲು ಮಲ್ಟಿಮೀಟರ್ ಹಿಡಿದು ಒಂದು ಪೂರ್ತಿ ರಾತ್ರಿಯ ಅಂಕಿ ಬರೆದುಕೊಂಡು ಇಲ್ಲಿ ಹಾಕು.